ಭೂಮಿ ಹುಣ್ಣಿಮೆಯ ಬುಟ್ಟಿ ಹೊತ್ತವರು

"ಅಜ್ಜೀ, ಭೂಮಿಗೂ ಹಸಿವಾಗುತ್ತಾ?"

ಮೂರನೇ ತರಗತಿ ಓದುವ ಮೊಮ್ಮಗ ಅಪ್ಪು ಹೀಗೆ ಕೇಳಿದ್ದು ಕಳೆದ ವರ್ಷ ವಿಜಯದಶಮಿಯ ಮರುದಿನ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದು, ಮುಖವನ್ನೂ ತೊಳೆಯದೆ ನನ್ನ ಪಕ್ಕ ಜಗಲಿಯಲ್ಲಿ ಕುಕ್ಕರಿಸಿದ್ದ. ನಾನು ಬಿದಿರಿನ ಬುಟ್ಟಿಗೆ ಸಗಣಿ ಬಳಿಯುತ್ತಿದ್ದೆ. ಇನ್ನು ನಾಲ್ಕೇ ದಿನಕ್ಕೆ ಭೂಮಿ ಹುಣ್ಣಿಮೆ. ಬುಟ್ಟಿ ಒಣಗಬೇಕು, ಕೆಮ್ಮಣ್ಣು ಹಚ್ಚಬೇಕು, ಚಿತ್ತಾರ ಬರೆಯಬೇಕು.

"ಹಸಿವು ಅಲ್ಲ ಮಾರಾಯ, ಬಯಕೆ. ಭೂಮಿತಾಯಿ ಈಗ ಬಸುರಿ. ಬಸುರಿಗೆ ಬಾಯಿ ಚಪಲ ಇರತ್ತೆ. ಅವಳಿಗೆ ಬೇಕಾದ್ದು ಮಾಡಿ ಬಡಿಸಬೇಕು" ಅಂದೆ.

ಅವನ ಅಕ್ಕ ಪುಟ್ಟಿ ಏಳನೇ ತರಗತಿ. ಎಲ್ಲದಕ್ಕೂ ಪುರಾವೆ ಕೇಳುವವಳು. "ಭೂಮಿ ಬಸುರಿ ಅಂತ ಹೇಗೆ ಗೊತ್ತಾಗುತ್ತೆ?" ಅಂದಳು.

"ಬಾ, ತೋರಿಸ್ತೀನಿ" ಎಂದು ಕೈ ತೊಳೆದುಕೊಂಡು ಇಬ್ಬರನ್ನೂ ಮನೆ ಮುಂದಿನ ಗದ್ದೆಗೆ ಕರೆದೊಯ್ದೆ.

ಗರ್ಭ ಕಟ್ಟಿದ ಭತ್ತ

ನಮ್ಮದು ಸಾಗರ ಸೀಮೆಯ ಒಂದು ಸಣ್ಣ ಹಳ್ಳಿ. ಆಷಾಢದ ಮಳೆಯಲ್ಲಿ ನೆಟ್ಟಿ ಮಾಡಿದ ಭತ್ತ ಆಶ್ವೀಜದ ಹೊತ್ತಿಗೆ ಸೊಂಟದೆತ್ತರ ಬೆಳೆದಿರುತ್ತದೆ. ಹಸ್ತ ಮಳೆ ಮುಗಿದು ಚಿತ್ತೆ ಮಳೆ ಶುರುವಾಗುವ ಕಾಲ. ಮೂರು ತಿಂಗಳು ಮುಖ ಮುಚ್ಚಿಕೊಂಡಿದ್ದ ಆಕಾಶ ಈಗ ತೊಳೆದಿಟ್ಟ ತಟ್ಟೆಯ ಹಾಗೆ. ಇದೇ ಶರದೃತು. ಆಶ್ವಯುಜ, ಕಾರ್ತಿಕ ಎರಡು ಮಾಸ ಇದರ ಪಾಲು. ಸಂಸ್ಕೃತದಲ್ಲಿ 'ಶರತ್' ಎಂದರೆ ವರ್ಷ ಎಂಬ ಅರ್ಥವೂ ಇದೆ. ಹಿರಿಯರು 'ನೂರು ಶರತ್ತು ಬಾಳು' ಎಂದು ಹರಸುತ್ತಿದ್ದುದು ಅದಕ್ಕೇ.

ಅಂಚಿನ ಮೇಲೆ ಕುಳಿತು ಒಂದು ಭತ್ತದ ಬುಡವನ್ನು ಪುಟ್ಟಿಯ ಕೈಗೆ ಕೊಟ್ಟೆ. "ಮೇಲಿನ ಎಲೆಯ ಕೆಳಗೆ ಮುಟ್ಟಿ ನೋಡು."

ಅಲ್ಲಿ ದಂಟು ಉಬ್ಬಿತ್ತು. ಒಳಗೆ ಏನೋ ಮೆತ್ತಗೆ ಇದ್ದ ಹಾಗೆ. ಒಂದನ್ನು ಮಾತ್ರ ಉಗುರಿನಿಂದ ಮೆಲ್ಲಗೆ ಸೀಳಿ ತೋರಿಸಿದೆ. ಒಳಗೆ ಎಳೆಎಳೆಯಾದ ಬಿಳಿ ತೆನೆ ಮಡಚಿಕೊಂಡು ಮಲಗಿತ್ತು. ನಮ್ಮ ಕಡೆ ಇದಕ್ಕೆ 'ಹೊಡೆ' ಅನ್ನುತ್ತೇವೆ. ಭತ್ತ ಹೊಡೆಯಾಗಿದೆ ಎಂದರೆ ಗರ್ಭ ಕಟ್ಟಿದೆ ಎಂದೇ ಅರ್ಥ. ಇನ್ನು ಕೆಲವೇ ದಿನಕ್ಕೆ ತೆನೆ ಹೊರಗೆ ಬಂದು ಹೂ ಬಿಡುತ್ತದೆ.

"ಭತ್ತಕ್ಕೆ ಹೂವಾ?" ಇಬ್ಬರಿಗೂ ಆಶ್ಚರ್ಯ.

ಪಕ್ಕದ ಗದ್ದೆಯಲ್ಲಿ ಬೇಗ ನೆಟ್ಟ ಭತ್ತ ಆಗಲೇ ತೆನೆ ಬಿಟ್ಟಿತ್ತು. ಬೆಳಗಿನ ಹತ್ತು ಗಂಟೆಯ ಬಿಸಿಲು. ಒಂದೊಂದು ಎಳೆ ಭತ್ತದ ಕಾಳೂ ಎರಡು ಸಿಪ್ಪೆ ಬಿಚ್ಚಿಕೊಂಡು, ನಡುವಿನಿಂದ ಕೂದಲೆಳೆಯಷ್ಟು ಸಣ್ಣ ಕೇಸರಗಳು ಇಣುಕುತ್ತಿದ್ದವು. ಪುಟ್ಟಿ ತನ್ನ ಭೂತಗನ್ನಡಿ ತಂದು ಎಣಿಸಿದಳು. ಆರು! ಪ್ರತಿ ಹೂವಿಗೂ ಆರೇ. ಮಕ್ಕಳೇ, ಇದನ್ನು ನೋಡಬೇಕಾದರೆ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ಒಳಗೆ ಗದ್ದೆಗೆ ಹೋಗಬೇಕು. ಒಂದೊಂದು ಹೂವೂ ಅರಳಿರುವುದು ಹೆಚ್ಚೆಂದರೆ ಒಂದು ಗಂಟೆಯ ಆಚೀಚೆ. ಆಮೇಲೆ ಸಿಪ್ಪೆ ಮುಚ್ಚಿಕೊಳ್ಳುತ್ತದೆ. ಮತ್ತೆ ತೆರೆಯುವುದಿಲ್ಲ. ಒಳಗೆ ಅಕ್ಕಿ ಕಟ್ಟುವ ಕೆಲಸ ಶುರು. ನಮ್ಮ ತಟ್ಟೆಯ ಒಂದೊಂದು ಅಗುಳೂ ಒಂದು ಕಾಲಕ್ಕೆ ಹೂವಾಗಿತ್ತು.

ಪುಟ್ಟಿ ಪುರಾವೆ ಕೇಳುವುದನ್ನು ಅಲ್ಲಿಗೆ ನಿಲ್ಲಿಸಿದಳು.

ಜಗಲಿಯ ಮೇಲಿನ ಮಾತು

ಆ ಸಲದ ಹಬ್ಬಕ್ಕೆ ಒಂದು ತೊಡಕಿತ್ತು. ಭೂಮಿ ಹುಣ್ಣಿಮೆಯ ದಿನ ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ ಬೀರಬೇಕು. ನಲವತ್ತೆರಡು ವರ್ಷದಿಂದ ಆ ಕೆಲಸ ನಮ್ಮ ಮನೆಯವರದು. ಆದರೆ ಬೇಸಿಗೆಯಲ್ಲಿ ಅವರ ಮಂಡಿಯ ಆಪರೇಷನ್ ಆಗಿತ್ತು. ಜಗಲಿಯಿಂದ ಅಂಗಳಕ್ಕೆ ಇಳಿಯುವುದೇ ಕೋಲು ಹಿಡಿದು.

ಇನ್ನೊಂದು ವಿಷಯವೂ ಇತ್ತು. ಅದನ್ನು ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಮಗ ಬಂದ ದಿನವೇ ಫೋನಿನಲ್ಲಿ ಏನೋ ಲೆಕ್ಕ ತೋರಿಸಿ, "ಅಪ್ಪಯ್ಯ, ಮುಂದಿನ ವರ್ಷ ಗದ್ದೆಗೆ ಅಡಿಕೆ ಸಸಿ ಹಾಕಿಬಿಡೋಣ. ನೆಟ್ಟಿಗೆ ಜನ ಸಿಗಲ್ಲ, ತೆನೆ ಬಂದರೆ ಹಂದಿ ಕಾಟ. ನಿಮ್ಮ ಕಾಲೂ ಹೀಗಾಯ್ತು" ಅಂದಿದ್ದ. ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಸುತ್ತಮುತ್ತಲಿನ ಎಷ್ಟೋ ಗದ್ದೆ ಆಗಲೇ ತೋಟವಾಗಿವೆ. ಇವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕವಳ ಹಾಕಿಕೊಂಡು ಗದ್ದೆ ಕಡೆ ನೋಡುತ್ತ ಕುಳಿತರು.

ಸಂಜೆ ಪುಟ್ಟಿ ಕೇಳಿದಳು: "ಅಜ್ಜ, ಈ ಸಲ ಬುಟ್ಟಿ ಯಾರು ಹೊರೋದು?"

"ನಿನ್ನಪ್ಪ ಹೊರ್ತಾನೆ."

"ನಾನು ಹೊರಬಾರದಾ? ಹುಡುಗಿಯರು ಹೋಗಬಾರದು ಅಂತ ಇದೆಯಾ?"

ಒಳಗೆ ದೀಪ ಹಚ್ಚುತ್ತಿದ್ದ ನಾನು ಕಿವಿ ನಿಮಿರಿಸಿದೆ. ನಮ್ಮಲ್ಲಿ ಬುಟ್ಟಿಗೆ ಚಿತ್ತಾರ ಬರೆಯುವವರು, ಇಡೀ ರಾತ್ರಿ ಅಡುಗೆ ಮಾಡುವವರು ಹೆಂಗಸರು. ಕತ್ತಲಲ್ಲಿ ಅದನ್ನು ಹೊತ್ತು ಹೋಗುವವರು ಗಂಡಸರು. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದೆ ಅಂತ ನಾನು ಯಾವತ್ತೂ ಹೇಳಿಲ್ಲ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅಷ್ಟೆ" ಅಂದರು.

ನಿಜ. ನಲವತ್ತೆರಡು ವರ್ಷ ಬುಟ್ಟಿ ತುಂಬಿಸಿ ಕೊಟ್ಟ ನಾನೂ ಕೇಳಿರಲಿಲ್ಲ.

ಚಿತ್ತಾರ ಮತ್ತು ಸೊಪ್ಪಿನ ಬೇಟೆ

ಮರುದಿನದಿಂದ ಮಕ್ಕಳಿಗೆ ಬಿಡುವೇ ಇಲ್ಲ. ಸಗಣಿ ಒಣಗಿದ ಬುಟ್ಟಿಗೆ ಕೆಮ್ಮಣ್ಣು ಹಚ್ಚಿದೆವು. ಅಕ್ಕಿ ನೆನೆಸಿ ಅರೆದು ಬಿಳಿ ಬಣ್ಣ ಮಾಡಿದೆವು. ಕುಂಚ ಅಂಗಡಿಯದಲ್ಲ, ಪುಂಡಿ ಗಿಡದ ನಾರಿನದು. ಹಸೆ ಚಿತ್ತಾರ ಎಂದು ನೀವು ಕೇಳಿರಬಹುದು. ನಮ್ಮ ಮಲೆನಾಡಿನ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ, ಬುಟ್ಟಿಯ ಮೇಲೆ ಬರೆಯುತ್ತ ಬಂದ ಕಲೆ ಅದು. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಎಲ್ಲವೂ ಮನೆಯ ಸುತ್ತಮುತ್ತಲಿನದೇ. ಈ ಹಬ್ಬಕ್ಕೆ ಬರೆದ ಬುಟ್ಟಿಗೆ 'ಭೂಮಣ್ಣಿ ಬುಟ್ಟಿ' ಎಂದು ಹೆಸರು.

ಪುಟ್ಟಿ ಗೆರೆ ಎಳೆದಳು, ಏಣಿ ಬರೆದಳು, ಭತ್ತದ ಸಸಿ ಬರೆದಳು, ಸೂರ್ಯ ಚಂದ್ರರನ್ನು ಕೂರಿಸಿದಳು. ಅಪ್ಪು ತನ್ನ ಪಾಲಿನ ಜಾಗದಲ್ಲಿ ಬಸ್ಸು ಬರೆದ. "ಬಸ್ಸು ಎಂತಕ್ಕೋ?" ಅಂದರೆ, "ನಾವು ಬಂದಿದ್ದು ಅದರಲ್ಲೇ ಅಲ್ವಾ" ಅಂದ. ಇರಲಿ ಬಿಡು ಅಂದೆ. ಹಿಂದಿನವರು ತಾವು ಕಂಡ ಗಾಡಿಯನ್ನೇ ತಾನೆ ಬರೆದದ್ದು?

ಹಬ್ಬದ ಹಿಂದಿನ ದಿನ ಸೊಪ್ಪಿನ ಬೇಟೆ. ಭೂಮಿತಾಯಿಗೆ 'ಹಚ್ಚಂಬಲಿ' ಮಾಡಬೇಕು. ಬಗೆಬಗೆಯ ಸೊಪ್ಪು, ಕುಡಿ, ಕಾಯಿಗಳನ್ನು ಹೆಚ್ಚಿ ಒಟ್ಟಿಗೆ ಬೇಯಿಸುವ ಅಡುಗೆ. ನೂರೊಂದು ಬಗೆಯ ಕುಡಿ ಎನ್ನುವುದು ಬಾಯಿಮಾತಿನ ಲೆಕ್ಕ. "ಎಷ್ಟು ಸಿಗತ್ತೋ ನೋಡೋಣ" ಎಂದು ಹೊರಟೆವು. ಬಸಳೆ, ಹರಿವೆ, ಕೆಸ, ಒಂದೆಲಗ, ಕುಂಬಳದ ಕುಡಿ, ಹಾಗಲದ ಕುಡಿ, ಬೇಲಿಯ ಮೇಲಿನ ಹೀರೆ, ಅಮಟೆಕಾಯಿ... ಪುಟ್ಟಿ ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಪಕ್ಕದಲ್ಲಿ ಎಲೆಯ ಚಿತ್ರ ಬಿಡಿಸಿದಳು. ಕೊನೆಗೆ ಇಪ್ಪತ್ತಮೂರು ಬಗೆಯಾಯಿತು. ನನಗೆ ಗೊತ್ತಿಲ್ಲದ ಸೊಪ್ಪು ಒಂದನ್ನೂ ಕೀಳಿಸಲಿಲ್ಲ. ಸೊಪ್ಪಿನ ವಿಷಯದಲ್ಲಿ ಮನೆಯ ಹಿರಿಯರು ನೋಡಿ ಸೈ ಅಂದ ಮೇಲೇ ಬಾಯಿಗೆ. ಈ ಮಾತನ್ನು ಮಕ್ಕಳು ಗಟ್ಟಿಯಾಗಿ ನೆನಪಿಡಬೇಕು.

ಗದ್ದೆಯ ಮೇಲೆ ಆಗ ಏರೋಪ್ಲೇನ್ ಚಿಟ್ಟೆಗಳ ಸಂತೆ. ಹಳದಿ ಮೈಯ, ಕಿರುಬೆರಳಷ್ಟು ಉದ್ದದ ಆ ಹುಳುಗಳಲ್ಲಿ ಒಂದು ಜಾತಿಯದು ದೊಡ್ಡ ಸಾಹಸಿ. ಪ್ರತಿವರ್ಷ ಅಕ್ಟೋಬರ್ ಹೊತ್ತಿಗೆ ಅವು ಸಮುದ್ರ ದಾಟಿ ಹಿಂಡುಹಿಂಡಾಗಿ ಮಾಲ್ಡೀವ್ಸ್ ದ್ವೀಪಗಳಿಗೆ ಬಂದಿಳಿಯುತ್ತವೆ. ಅಲ್ಲಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ವರ್ಷಗಟ್ಟಲೆ ಇದನ್ನು ಗಮನಿಸಿ, ಅವು ಭಾರತದ ಕಡೆಯಿಂದ ಗಾಳಿಯ ಬೆನ್ನೇರಿ ಆಫ್ರಿಕಾದವರೆಗೂ ಹೋಗುತ್ತವೆ ಎಂದು 2009ರಲ್ಲಿ ಬರೆದರು. ಇದನ್ನು ಕೇಳಿದ ಮೇಲೆ ಅಪ್ಪು ಅವುಗಳ ಬಾಲಕ್ಕೆ ದಾರ ಕಟ್ಟುವ ಯೋಚನೆ ಬಿಟ್ಟ. "ಪಾಪ, ದೂರ ಹೋಗಬೇಕು ಅದಕ್ಕೆ" ಅಂದ.

ನಾಲ್ಕನೇ ಮೂಲೆಯ ಕೂಗು

ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ನಾನು, ಸೊಸೆ ಒಲೆಯ ಮುಂದೆ. ಕೊಟ್ಟೆ ಕಡುಬು, ಸೌತೆಕಾಯಿ ಕಡುಬು, ಚಿತ್ರಾನ್ನ, ಮೊಸರನ್ನ, ಹಚ್ಚಂಬಲಿ. ನಾಲ್ಕು ಗಂಟೆಗೆ ಮಕ್ಕಳನ್ನು ಎಬ್ಬಿಸಿದೆ. ಉಂಬಳ ಹತ್ತದ ಹಾಗೆ ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು ಹಚ್ಚಿ, ಬೂಟು ಹಾಕಿಸಿದೆ. ಪುಟ್ಟಿಯ ತಲೆಯ ಮೇಲೆ ಸಿಂಬೆ ಇಟ್ಟು ಬುಟ್ಟಿ ಹೊರಿಸಿದೆ. ಅವಳಪ್ಪ ಮುಂದೆ, ಅವಳು ನಡುವೆ, ಟಾರ್ಚ್ ಹಿಡಿದ ಅಪ್ಪು ಹಿಂದೆ.

ನಮ್ಮ ಗದ್ದೆಗೆ ನಾಲ್ಕು ಮೂಲೆ. ಒಂದೊಂದು ಮೂಲೆಯಲ್ಲೂ ಚರಗ ಬೀರಿ, ಭೂಮಿತಾಯಿಯನ್ನು ಊಟಕ್ಕೆ ಕರೆದು, 'ಹೂಯ್' ಎಂದು ಗಟ್ಟಿಯಾಗಿ ಕೂಗಬೇಕು. ಮೂರು ಮೂಲೆ ಈಚೆ, ನಾಲ್ಕನೆಯದು ಹಳ್ಳದಾಚೆ. ಅಲ್ಲಿಗೆ ಹೋಗಲು ಅಡಿಕೆ ದಬ್ಬೆ ಜೋಡಿಸಿದ ಸಂಕ ದಾಟಬೇಕು.

ಇವರು ಕೋಲೂರಿಕೊಂಡು ಅಂಗಳದ ತುದಿಯಲ್ಲಿ ನಿಂತರು. ನಾನೂ ನಿಂತೆ. ಪಡುವಣದಲ್ಲಿ ತುಂಬು ಚಂದ್ರ ಇಳಿಯುತ್ತಿದ್ದ. ತಲೆಯ ಮೇಲೆ ಕೊಂಚ ದಕ್ಷಿಣಕ್ಕೆ ಮಹಾವ್ಯಾಧ, ಅದರ ಕೆಳಗೆ ಉರಿಯುವ ಲುಬ್ಧಕ. ಸುತ್ತಮುತ್ತಲಿನ ಗದ್ದೆಗಳಿಂದ ಒಂದೊಂದೇ ಕೂಗು ಕೇಳತೊಡಗಿತು.

ಸ್ವಲ್ಪ ಹೊತ್ತಿಗೆ ನಮ್ಮ ಗದ್ದೆಯಿಂದ ಮಗನ ದನಿ. "ಒಂದು" ಅಂದರು ಇವರು. ಆಮೇಲೆ ತೆಳ್ಳನೆಯ, ಚೂಪಾದ ದನಿ. ಪುಟ್ಟಿಯದು! ನಮ್ಮ ಗದ್ದೆಯಲ್ಲಿ ಹೆಣ್ಣುಮಗಳ ಕೂಗು ಅದೇ ಮೊದಲು. ಇವರು ನನ್ನ ಕಡೆ ತಿರುಗಿ ನೋಡಿ, "ಎರಡು" ಅಂದರು. ಮತ್ತೆ ಅವಳದೇ ದನಿ. "ಮೂರು."

ನಾಲ್ಕನೆಯದು ಬರಲಿಲ್ಲ.

ಐದು ನಿಮಿಷವಾಯಿತು. ಹತ್ತಾಯಿತು. ಟಾರ್ಚಿನ ಬೆಳಕೂ ಕಾಣಲಿಲ್ಲ. "ಸಂಕದ ಹತ್ತಿರ ಏನೋ ಆಗಿದೆ" ಎಂದು ಇವರು ಕೋಲು ಮುಂದಿಟ್ಟು ಒಂದು ಹೆಜ್ಜೆ ಇಳಿದೇಬಿಟ್ಟರು. ನಾನು ತೋಳು ಹಿಡಿದುಕೊಂಡೆ. ನನ್ನ ಕೈಯೂ ನಡುಗುತ್ತಿತ್ತು.

ಆಗ ಕೇಳಿತು, ಮೊದಲು ಸಣ್ಣಗೆ, ಆಮೇಲೆ ಗಂಟಲು ಹರಿಯುವ ಹಾಗೆ: ಅಪ್ಪುವಿನ 'ಹೂಯ್'.

ಇವರು "ನಾಲ್ಕು" ಅಂದರು. ಹೆಗಲ ಮೇಲಿನ ಟವೆಲಿನಿಂದ ಕನ್ನಡಕ ಒರೆಸಿಕೊಂಡರು. ಇಬ್ಬನಿಯಂತೆ.

ಆದದ್ದನ್ನು ಮಕ್ಕಳೇ ಆಮೇಲೆ ಹೇಳಿದರು. ಸಂಕದ ನಡುವೆ ಅಪ್ಪುವಿನ ಕಾಲು ಜಾರಿ, ಟಾರ್ಚ್ ಹಳ್ಳಕ್ಕೆ ಬಿತ್ತು. ಅವನು ಅಲ್ಲೇ ಕುಳಿತು ಅಳತೊಡಗಿದ. ಹಿಂದಕ್ಕೂ ಬರಲಾರ, ಮುಂದಕ್ಕೂ ಹೋಗಲಾರ. ಅವನಪ್ಪ ಎತ್ತಿಕೊಂಡು ಹೋಗಬಹುದಿತ್ತು. ಆದರೆ ಪಕ್ಕದಲ್ಲಿ ಕುಳಿತುಕೊಂಡು, "ಕಣ್ಣಿಗೆ ಸ್ವಲ್ಪ ಹೊತ್ತು ಕೊಡು ಮಗಾ, ಅದೇ ದಾರಿ ತೋರಿಸತ್ತೆ. ನಿನ್ನ ವಯಸ್ಸಿನಲ್ಲಿ ನಾನೂ ಇಲ್ಲೇ ಕೂತು ಅತ್ತಿದ್ದೆ. ಅಜ್ಜ ನನಗೆ ಇದನ್ನೇ ಹೇಳಿದ್ರು" ಅಂದನಂತೆ. ಕತ್ತಲಿಗೆ ಹೊಂದಿಕೊಳ್ಳಲು ಕಣ್ಣಿಗೆ ಕೆಲವು ನಿಮಿಷ ಬೇಕು. ಕಣ್ಣಪಾಪೆ ಅಗಲವಾಗಬೇಕು, ಒಳಗಿನ ಪರದೆ ಮಂದ ಬೆಳಕಿಗೆ ಅಣಿಯಾಗಬೇಕು. ಮೆಲ್ಲಗೆ ಚಂದ್ರನ ಬೆಳಕಿನಲ್ಲಿ ಸಂಕ ಕಂಡಿತು, ನೀರು ಕಂಡಿತು, ಆಚೆ ದಡ ಕಂಡಿತು. ಪುಟ್ಟಿ ಬುಟ್ಟಿ ಇಳಿಸದೆ ಅಷ್ಟು ಹೊತ್ತೂ ನಿಂತೇ ಇದ್ದಳು.

"ನಾಲ್ಕನೇದು ನಾನೇ ಕೂಗ್ತೀನಿ ಅಂದೆ" ಎಂದ ಅಪ್ಪು, ಎದೆ ಉಬ್ಬಿಸಿ.

ಇಲಿಗೂ ಒಂದು ಪಾಲು

ಬಿಸಿಲೇರಿದ ಮೇಲೆ ಎಲ್ಲರೂ ಮಿಂದು ಗದ್ದೆಗೆ ಹೋದೆವು. ಇವರನ್ನು ಕುರ್ಚಿಯ ಸಮೇತ ಮಗ ಮತ್ತು ಪಕ್ಕದ ಮನೆಯ ಹುಡುಗರು ಹೊತ್ತು ತಂದರು. ನಾಲ್ಕಾರು ಭತ್ತದ ಬುಡಗಳನ್ನು ಸೇರಿಸಿ ಅರಿಶಿನ ಕುಂಕುಮ ಹಚ್ಚಿ, ಹೂಮಾಲೆ ಹಾಕಿ, ಹಸಿರು ಬಳೆ ಇಟ್ಟು ಪೂಜೆ ಮಾಡಿದೆವು. ಎಲೆಯ ಮೇಲೆ ಭೂಮಿತಾಯಿಗೆ ಬಡಿಸಿದ ಮೇಲೆ ಕಾಗೆಗೊಂದು ಎಡೆ, ಇಲಿಗೊಂದು ಎಡೆ. "ಭತ್ತ ತಿನ್ನೋ ಇಲಿಗೂ ಯಾಕೆ?" ಎಂದು ಪುಟ್ಟಿ ಕೇಳಿದಳು. "ಅದೂ ಈ ಗದ್ದೇದೇ ಅಲ್ವನೇ" ಅಂದರು ಅಜ್ಜ. ಅಂಚಿನ ಮೇಲೆ ಸಾಲಾಗಿ ಕುಳಿತು ಉಂಡೆವು. ಗದ್ದೆಯಲ್ಲಿ ಉಂಡ ಮೊಸರನ್ನದ ರುಚಿ ಮನೆಯಲ್ಲಿ ಬರುವುದಿಲ್ಲ.

ಕೊನೆಗೆ ಒಂದು ಕಡುಬನ್ನು ಗದ್ದೆಯಲ್ಲಿ ಹುಗಿಯಬೇಕು. ಕೊಯ್ಲಿನ ದಿನ ಅದನ್ನು ತೆಗೆದು ಎಲ್ಲರೂ ಹಂಚಿಕೊಳ್ಳುವುದು ವಾಡಿಕೆ. ಅಪ್ಪು ತಾನೇ ಹುಗಿದು ಗುರುತಿಗೆ ಕೋಲು ನೆಟ್ಟ. "ಕೊಯ್ಲಿಗೆ ನಾನೇ ಬಂದು ತೆಗೀತೀನಿ. ಮುಂದಿನ ವರ್ಷಾನೂ ನಾನೇ ಹುಗಿಯೋದು" ಅಂದ. ಮಗ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಯಾರೂ ಏನೂ ಹೇಳಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ಕೊಯ್ಲಾಯಿತು. ಅಪ್ಪು ಹಟ ಮಾಡಿ ಎಲ್ಲರನ್ನೂ ಕರೆತಂದಿದ್ದ. ಕೋಲು ಇದ್ದಲ್ಲಿ ಅಗೆದರೆ ಕಡುಬು ಇಲ್ಲ! ಹರಿದ ಎಲೆ, ಪಕ್ಕದಲ್ಲಿ ಒಂದು ಬಿಲ. ಅವನ ಕಣ್ಣು ತುಂಬಿತು. ಅಷ್ಟರಲ್ಲಿ ಕೋಲಿಲ್ಲದೆ ನಡೆದು ಬಂದಿದ್ದ ಅಜ್ಜ ನಕ್ಕು, "ಇಲಿಗೆ ಅವತ್ತಿನ ಎಡೆ ಸಾಕಾಗಲಿಲ್ಲ ಕಾಣ್ತದೆ. ಮುಂದಿನ ಸಲ ಎರಡು ಹುಗಿ" ಅಂದರು.

ಮುಂದಿನ ಸಲ ಎಂಬ ಮಾತು ಆಗ ಇತ್ಯರ್ಥವಾಗಿರಲಿಲ್ಲ. ಈಗ ಆಗಿದೆ. ಹಳ್ಳದಾಚೆಯ ಗದ್ದೆಗೆ ಈ ವರ್ಷ ಅಡಿಕೆ ಸಸಿ ಬಂದಿದೆ. ಮನೆ ಮುಂದಿನದರಲ್ಲಿ ಭತ್ತವೇ ನಿಂತಿದೆ, ಹೊಡೆ ಕಟ್ಟುತ್ತಿದೆ. ಇದು ಮಗ ತಾನಾಗಿ ಹೇಳಿದ ಲೆಕ್ಕ. ಚರಗವನ್ನು ತೋಟಕ್ಕೂ ಬೀರುವುದುಂಟು. ಆದ್ದರಿಂದ ನಾಲ್ಕನೇ ಮೂಲೆಯ ಕೂಗು ಅಪ್ಪುವಿಗೆ ಖಾಯಂ.

ನೀವೂ ಹೊರಡಿ

ಗದ್ದೆ ಇಲ್ಲದವರೂ ಶರದೃತುವನ್ನು ಬಿಡಬೇಕಿಲ್ಲ. ಉತ್ತರ ಕರ್ನಾಟಕದ ಕಡೆ ಇದೇ ಹುಣ್ಣಿಮೆ ಶೀಗಿ ಹುಣ್ಣಿಮೆ. ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಬುತ್ತಿ ಬಿಚ್ಚುತ್ತಾರೆ. ನೆಂಟರ ಹೊಲ ಇದ್ದರೆ ಈ ರಜೆಯಲ್ಲಿ ಅಲ್ಲಿಗೆ ಹೋಗಿ. ಊರಲ್ಲೇ ಇರುವವರು ಹೀಗೆ ಮಾಡಬಹುದು:

• ಬೆಳಿಗ್ಗೆ ಬೇಗ ಹೊರಗೆ ಹೋಗಿ, ಇಬ್ಬನಿ ಕೂತ ಜೇಡರ ಬಲೆಗಳನ್ನು ಎಣಿಸಿ. ಬಿಸಿಲೇರಿದರೆ ಅವು ಕಾಣುವುದಿಲ್ಲ.

• ಹುಣ್ಣಿಮೆಯ ರಾತ್ರಿ ತಾರಸಿಯ ಮೇಲೆ ಊಟ ಮಾಡಿ. ಆ ದಿನ ಚಂದ್ರ ಅಶ್ವಿನಿ ನಕ್ಷತ್ರದ ಆಸುಪಾಸಿನಲ್ಲಿ ಇರುತ್ತಾನೆ. ಆಶ್ವಯುಜ ಮಾಸಕ್ಕೆ ಹೆಸರು ಬಂದದ್ದು ಅದರಿಂದಲೇ.

• ಹಿತ್ತಲಲ್ಲಿ, ಬೀದಿಬದಿಯಲ್ಲಿ ಕಂಡ ಎಲೆಗಳ ಚಿತ್ರ ಬರೆದು, ಹೆಸರನ್ನು ಅಜ್ಜ ಅಜ್ಜಿಯನ್ನು ಕೇಳಿ ತುಂಬಿಸಿ.

• ಗದ್ದೆಗೆ ಇಳಿಯುವಾಗ ಕಾಲಿಗೆ ಗಾಯ ಇರಬಾರದು. ನಿಂತ ನೀರಿನಿಂದ ಇಲಿಜ್ವರ ತಗಲುವ ಭಯವಿದೆ. ಬೂಟು ಹಾಕಿ, ಹುಲ್ಲಿನಲ್ಲಿ ಕೋಲು ತಟ್ಟುತ್ತ ನಡೆಯಿರಿ. ಹಾವು ತಾನೇ ಸರಿದು ಹೋಗುತ್ತದೆ.

• ಈ ಕಾಲದ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಗುಡುಗು ಸಿಡಿಲಿನೊಡನೆ. ತಿರುಗಾಟವನ್ನು ಬೆಳಿಗ್ಗೆಯೇ ಮುಗಿಸಿ. ಗುಡುಗು ಕೇಳಿದರೆ ಬಯಲಿನಲ್ಲಿ, ಮರದಡಿಯಲ್ಲಿ ನಿಲ್ಲದೆ ಮನೆ ಸೇರಿ.

ಅಜ್ಜ ಅಜ್ಜಿಯರಿಗೆ ನನ್ನದೊಂದು ಮಾತು. ಮಂಡಿ ನೋವು, ನಾವೆಲ್ಲಿ ಹೋಗುವುದು ಅನ್ನಬೇಡಿ. ಅಂಗಳದ ತುದಿಯವರೆಗೆ ಬಂದು ನಿಂತರೂ ಸಾಕು. ಕತ್ತಲಲ್ಲಿ ಹೋದ ಮಕ್ಕಳಿಗೆ, ತಮ್ಮ ಕೂಗಿಗೆ ಇಲ್ಲೊಬ್ಬರು ಕಿವಿಗೊಟ್ಟು ನಿಂತಿದ್ದಾರೆ ಎಂದು ಗೊತ್ತಿರಬೇಕು.

ಈ ಸಲದ ಬುಟ್ಟಿಗೆ ಆಗಲೇ ಸಗಣಿ ಬಳಿದಿದ್ದೇನೆ. ಮಕ್ಕಳ ಬಸ್ಸು ನಾಳೆ ಬೆಳಿಗ್ಗೆ ಬರುತ್ತದೆ. ಅಪ್ಪು ಫೋನಿನಲ್ಲಿ ಹೇಳಿದ್ದಾನೆ: "ಅಜ್ಜೀ, ಕಡುಬು ಜಾಸ್ತಿ ಮಾಡು. ಇಲಿಗೆ ಎರಡು."